ಬಿಚ್ಚಲಾಗದ ಐದು ಗ್ರಾಂ: ಪಾವತಿ ಕಾರ್ಡಿನ ತಯಾರಿಕೆ ಮತ್ತು ಪರಿಸರ

ನನ್ನ ಮೇಜಿನ ಖಾನೆಯಲ್ಲಿ ಬಳಕೆಗೆ ಬಾರದ ನಾಲ್ಕು ಡೆಬಿಟ್ ಕಾರ್ಡುಗಳು ಬಿದ್ದಿವೆ. ಮೂರರ ಅವಧಿ ಮುಗಿದಿದೆ. ನಾಲ್ಕನೆಯದರ ಅವಧಿ ಮುಗಿಯಲು ಇನ್ನೂ ಎರಡು ವರ್ಷವಿದ್ದಾಗಲೇ ಬ್ಯಾಂಕು ತಾನಾಗಿ ಹೊಸದೊಂದನ್ನು ಅಂಚೆಯಲ್ಲಿ ಕಳಿಸಿತು. ಕಾರಣ ಕೇಳಿದ್ದಕ್ಕೆ ಕಾರ್ಡಿನ ದರ್ಜೆ ಏರಿದೆ ಎಂಬ ಉತ್ತರ ಬಂತು. ಕೇಳದೆಯೇ ಏರಿದ ಆ ದರ್ಜೆಯಿಂದ ನನಗಾದ ಲಾಭವೇನೆಂದು ಇಂದಿಗೂ ಗೊತ್ತಾಗಿಲ್ಲ. ಆದರೆ ಹೊಸ ಕಾರ್ಡಿನ ಹಿಂಬದಿಯ ಮೂಲೆಯಲ್ಲಿ ಚಿಕ್ಕದೊಂದು ಹಸಿರು ಎಲೆಯ ಚಿತ್ರವೂ, ಇದು ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ತಯಾರಾದದ್ದು ಎಂಬ ಸಾಲೂ ಇದ್ದವು. ಬೇಡದ ಕಾರ್ಡೊಂದನ್ನು ಪರಿಸರಕ್ಕೆ ಹಿತವಾದ ವಸ್ತುವಿನಿಂದ ಮಾಡಿ ಕಳಿಸುವುದರಲ್ಲಿರುವ ತಮಾಷೆಯನ್ನು ಬದಿಗಿಟ್ಟರೂ, ಆ ಎಲೆಯ ಚಿತ್ರ ಹೇಳುತ್ತಿರುವುದು ಎಷ್ಟರ ಮಟ್ಟಿಗೆ ನಿಜ ಎಂದು ತಿಳಿಯಬೇಕಾದರೆ ಕಾರ್ಡನ್ನು ಹೇಗೆ ಕಟ್ಟುತ್ತಾರೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ತೆಳು ಬಣ್ಣದ ಹಳೆಯ ಕಾರ್ಡೊಂದನ್ನು ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚಿಗೆ ಅಡ್ಡ ಹಿಡಿದರೆ, ಅಂಚಿನ ಗುಂಟ ಮೂರು ನಾಲ್ಕು ಸುತ್ತು ಹಾಕಿ ಚಿಪ್ಪಿನ ಕಡೆಗೆ ತಿರುಗುವ ಕೂದಲೆಳೆಯಂಥ ಗೆರೆಯೊಂದು ಕಾಣಿಸುತ್ತದೆ. ಅದು ಕಾರ್ಡನ್ನು ಯಂತ್ರದ ಬಳಿ ಹಿಡಿದು (ಟ್ಯಾಪ್ ಮಾಡಿ) ಪಾವತಿಸಲು ಬೇಕಾದ ಆಂಟೆನಾ. ಅದೇ ಕಾರ್ಡಿನ ಮೂಲೆಯನ್ನು ಕತ್ತರಿಸಿ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಒಂದೇ ತುಂಡಿನ ಪ್ಲಾಸ್ಟಿಕ್ ಅಲ್ಲವೆಂಬುದೂ ತಿಳಿಯುತ್ತದೆ: ಮೇಲೂ ಕೆಳಗೂ ಗಾಜಿನಂಥ ಪಾರದರ್ಶಕ ಪೊರೆ, ಅದರೊಳಗೆ ಚಿತ್ರ ಮುದ್ರಿತವಾದ ಎರಡು ಬಿಳಿ ಪದರ, ಅವುಗಳ ನಡುವೆ ಆಂಟೆನಾವನ್ನು ಹೊತ್ತ ಪದರ. ಇಷ್ಟೆಲ್ಲ ಸೇರಿ ದಪ್ಪ 0.76 ಮಿಲಿಮೀಟರ್. ಉದ್ದ 85.60, ಅಗಲ 53.98 ಮಿಲಿಮೀಟರ್. ಜಗತ್ತಿನ ಯಾವ ಎಟಿಎಂಗೆ ತೂರಿಸಿದರೂ ಕಾರ್ಡು ಹಿಡಿಸಬೇಕಾದ್ದರಿಂದ ಈ ಅಳತೆಯನ್ನು ಐಎಸ್‌ಒ 7810 ಎಂಬ ಅಂತಾರಾಷ್ಟ್ರೀಯ ಮಾನಕ ನಿಗದಿಪಡಿಸಿದೆ. ತೂಕ ಹೆಚ್ಚು ಕಡಿಮೆ 5 ಗ್ರಾಂ.

ಕಾರ್ಖಾನೆಯಲ್ಲಿ ಕಾರ್ಡುಗಳನ್ನು ಒಂದೊಂದಾಗಿ ಮಾಡುವುದಿಲ್ಲ. ಹಲವು ಡಜನ್ ಕಾರ್ಡುಗಳಿಗೆ ಸಾಲುವಷ್ಟು ದೊಡ್ಡ ಪ್ಲಾಸ್ಟಿಕ್ ಹಾಳೆಗಳ ಮೇಲೆ ಆಫ್‌ಸೆಟ್ ಮತ್ತು ಸ್ಕ್ರೀನ್ ಯಂತ್ರಗಳಲ್ಲಿ ಚಿತ್ರ ಮುದ್ರಿಸುತ್ತಾರೆ. ಆಂಟೆನಾದ ತಾಮ್ರದ ತಂತಿಯನ್ನು ಅತಿಧ್ವನಿಯ ಕಂಪನದಿಂದ ಮತ್ತೊಂದು ಹಾಳೆಯಲ್ಲಿ ಹುದುಗಿಸುತ್ತಾರೆ, ಇಲ್ಲವೇ ಅಲ್ಯೂಮಿನಿಯಂ ಹಾಳೆಯನ್ನು ರಾಸಾಯನಿಕದಿಂದ ಕೊರೆದು ಆ ಗೆರೆಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ನಂತರ ಹಾಳೆಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ, ನೂರು ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಭಾರಿ ಒತ್ತಡದಡಿ ಇಟ್ಟು, ಒತ್ತಡವನ್ನು ಸಡಿಲಿಸದೆಯೇ ತಣಿಸುತ್ತಾರೆ. ಇದೇ ಲ್ಯಾಮಿನೇಷನ್. ಪದರಗಳೆಲ್ಲ ಪಿವಿಸಿ ಎಂಬ ಪ್ಲಾಸ್ಟಿಕ್ಕಿನವೇ ಆಗಿದ್ದರೆ ಈ ಹಂತದಲ್ಲಿ ಹೆಚ್ಚಿನ ಅಂಟು ಬೇಕಾಗುವುದಿಲ್ಲ. ಒಂದು ಪದರ ಇನ್ನೊಂದರೊಳಗೆ ಬೆರೆತು ಬೆಸುಗೆಯಾಗಿಬಿಡುತ್ತದೆ. ಆ ಮೇಲೆ ಅಚ್ಚಿನಿಂದ ಕಾರ್ಡುಗಳನ್ನು ಕತ್ತರಿಸಿ ತೆಗೆದು, ಚಿಪ್ ಕೂರುವ ಜಾಗವನ್ನು ಮೈಕ್ರಾನುಗಳ ಲೆಕ್ಕದಲ್ಲಿ ತೋಡಿ, ಚಿಪ್ ಮಾಡ್ಯೂಲನ್ನು ಬಿಸಿಗೆ ಕರಗುವ ಅಂಟುಪಟ್ಟಿಯಿಂದ ಕೂರಿಸುತ್ತಾರೆ. ನಮಗೆ ಚಿಪ್ ಎಂದು ಕಾಣುವ ಬಂಗಾರದ ಬಣ್ಣದ ಚೌಕ ವಾಸ್ತವವಾಗಿ ಚಿಪ್ ಅಲ್ಲ. ಅದು ಚಿನ್ನದ ತೆಳು ಲೇಪವಿರುವ ಸಂಪರ್ಕ ಫಲಕ. ಅಸಲು ಸಿಲಿಕಾನ್ ಚೂರು ಅದರ ಬೆನ್ನಿಗೆ ರಾಳದ ಹನಿಯೊಳಗೆ ಅಡಗಿರುತ್ತದೆ.

ಇಷ್ಟು ವಿವರ ಹೇಳಿದ್ದಕ್ಕೆ ಕಾರಣವಿದೆ. ಕಾರ್ಡಿನ ಪದರಗಳು ಬಿಡಿಸಿಕೊಳ್ಳಬಾರದು ಎಂಬುದು ಅದರ ವಿನ್ಯಾಸದ ಮೊದಲ ನಿಯಮ. ಪದರ ಬಿಡಿಸಿ ಒಳಗಿನ ಚಿಪ್ಪನ್ನು ಹಾಳಾಗದಂತೆ ಹೊರತೆಗೆದು ಮತ್ತೊಂದು ಕಾರ್ಡಿಗೆ ಕೂರಿಸಲು ಸಾಧ್ಯವಾದರೆ ಕಳ್ಳನಿಗೆ ಹಬ್ಬ. ಬೆನ್ನ ಜೇಬಿನಲ್ಲಿ ಕೂತು ಎದ್ದು ಬಾಗಿದರೂ ಸೀಳಬಾರದು ಎಂಬ ಕಾರಣಕ್ಕೆ ಕಾರ್ಡುಗಳನ್ನು ಯಂತ್ರದಲ್ಲಿ ಉದ್ದಕ್ಕೂ ಅಡ್ಡಕ್ಕೂ, ಎರಡೂ ಮಗ್ಗುಲಿಗೆ ಒಟ್ಟು ಸಾವಿರ ಸಲ ಬಾಗಿಸಿ ಪರೀಕ್ಷಿಸುವ ಮಾನಕವೇ ಇದೆ. ಇತ್ತ ಮರುಬಳಕೆಯ ಮೊದಲ ನಿಯಮ ಇದಕ್ಕೆ ತದ್ವಿರುದ್ಧ: ಬೇರೆ ಬೇರೆ ವಸ್ತುಗಳು ಸುಲಭವಾಗಿ ಬೇರೆಯಾಗಬೇಕು. ಪ್ಲಾಸ್ಟಿಕ್, ತಾಮ್ರ, ಸಿಲಿಕಾನ್, ಚಿನ್ನ, ರಾಳ, ಶಾಯಿ, ಹಿಂಬದಿಯ ಕಪ್ಪು ಕಾಂತಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡಿನಂಥ ಪುಡಿ, ಇವೆಲ್ಲವನ್ನೂ 5 ಗ್ರಾಂನೊಳಗೆ ಒಂದಾಗಿ ಬೆಸೆದ ವಸ್ತುವನ್ನು ಬಿಡಿಸುವ ಖರ್ಚು ಅದರಿಂದ ಬರುವ ಕಚ್ಚಾವಸ್ತುವಿನ ಬೆಲೆಗಿಂತ ಎಷ್ಟೋ ಹೆಚ್ಚು. ಸುಸ್ಥಿರ ಕಾರ್ಡು ಎಂಬ ಮಾತಿನಲ್ಲಿರುವ ಮೂಲ ತೊಡಕು ಇದೇ ಎಂದು ನನ್ನ ಎಣಿಕೆ. ಉಳಿದ ಚರ್ಚೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಆರಂಭದಲ್ಲಿ ಕಾರ್ಡು ಪ್ಲಾಸ್ಟಿಕ್ಕಿನದಾಗಿರಲಿಲ್ಲ. 1950ರಲ್ಲಿ ಬಂದ ಡೈನರ್ಸ್ ಕ್ಲಬ್ ಕಾರ್ಡು ರಟ್ಟಿನದು. ಅಮೆರಿಕನ್ ಎಕ್ಸ್‌ಪ್ರೆಸ್ 1959ರಲ್ಲಿ ಪ್ಲಾಸ್ಟಿಕ್ ಕಾರ್ಡು ತಂದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಕ್ರಮೇಣ ಪಿವಿಸಿ ಈ ಉದ್ಯಮದ ಸ್ಥಿರ ವಸ್ತುವಾಯಿತು. ಅದು ಅಗ್ಗ, ಅದರ ಮೇಲೆ ಶಾಯಿ ಚೆನ್ನಾಗಿ ಕೂರುತ್ತದೆ, ಮೊದಲೇ ಹೇಳಿದಂತೆ ಬಿಸಿಗೆ ತನ್ನಷ್ಟಕ್ಕೇ ಬೆಸೆದುಕೊಳ್ಳುತ್ತದೆ, ಒತ್ತಿದರೆ ಅಂಕಿಗಳು ಉಬ್ಬಿ ನಿಲ್ಲುತ್ತವೆ. ಈ ಉಬ್ಬಿದ ಅಂಕಿಗಳು ಕಾರ್ಬನ್ ಪ್ರತಿಯ ಚೀಟಿಯ ಮೇಲೆ ಕಾರ್ಡನ್ನಿಟ್ಟು ಯಂತ್ರದ ಹಿಡಿಯನ್ನು ಅತ್ತಿಂದಿತ್ತ ಎಳೆಯುತ್ತಿದ್ದ ಕಾಲದ ಪಳೆಯುಳಿಕೆ. ಆ ಯಂತ್ರಗಳು ಅಂಗಡಿಗಳಿಂದ ಮರೆಯಾದ ಎಷ್ಟೋ ವರ್ಷಗಳ ನಂತರವೂ ಅಂಕಿಗಳು ಉಬ್ಬಿಕೊಂಡೇ ಉಳಿದಿದ್ದವು.

ಪಿವಿಸಿಯ ದೋಷ ಅದರ ಹೆಸರಿನಲ್ಲೇ ಇದೆ. ಪಾಲಿವಿನೈಲ್ ಕ್ಲೋರೈಡ್ ಎಂಬ ಈ ವಸ್ತುವಿನ ತೂಕದಲ್ಲಿ ಸುಮಾರು ಶೇಕಡ 57ರಷ್ಟು ಕ್ಲೋರಿನ್. ಅದು ಬರುವುದು ಉಪ್ಪಿನಿಂದ, ಉಳಿದದ್ದು ಬಹುಪಾಲು ಖನಿಜ ತೈಲ ಅಥವಾ ಅನಿಲದಿಂದ. ಇದರ ಕಚ್ಚಾವಸ್ತುವಾದ ವಿನೈಲ್ ಕ್ಲೋರೈಡ್ ಅನಿಲ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾಗಿದೆ. ಸಿದ್ಧವಾದ ಕಾರ್ಡಿನಿಂದ ಪರ್ಸಿಗೆ ಅಪಾಯವೇನಿಲ್ಲ, ಆದರೆ ಅದನ್ನು ಕಸದ ಜೊತೆ ಬಯಲಿನಲ್ಲಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯೂ ಡಯಾಕ್ಸಿನ್‌ಗಳೆಂಬ ವಿಷವಸ್ತುಗಳೂ ಏಳುತ್ತವೆ.

ಪ್ರಮಾಣದ ಬಗ್ಗೆ ಪ್ರಾಮಾಣಿಕವಾಗಿರುವುದು ಒಳ್ಳೆಯದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 600 ಕೋಟಿ ಕಾರ್ಡುಗಳು ತಯಾರಾಗುತ್ತವೆ ಎಂಬ ಲೆಕ್ಕವನ್ನು ಉದ್ಯಮವೇ ಹೇಳಿಕೊಳ್ಳುತ್ತದೆ. ಒಂದಕ್ಕೆ 5 ಗ್ರಾಂನಂತೆ ಅದು 30,000 ಟನ್. ಭಾರತದಲ್ಲಿ ಚಾಲ್ತಿಯಲ್ಲಿರುವ ಡೆಬಿಟ್ ಕಾರ್ಡುಗಳನ್ನು 95 ಕೋಟಿ ಎಂದಿಟ್ಟುಕೊಂಡರೆ ನಮ್ಮ ಪರ್ಸುಗಳಲ್ಲಿ, ಕಪಾಟುಗಳಲ್ಲಿ, ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಚೀಲಗಳಲ್ಲಿ ಒಟ್ಟು 4,750 ಟನ್ ಕುಳಿತಿದೆ. ದೊಡ್ಡ ಸಂಖ್ಯೆಗಳೇ, ಆದರೆ ಜಗತ್ತು ವರ್ಷಕ್ಕೆ ತಯಾರಿಸುವ ಪ್ಲಾಸ್ಟಿಕ್ 40 ಕೋಟಿ ಟನ್ನಿನ ಆಸುಪಾಸಿನಲ್ಲಿದೆ, ಅದರ ಮುಂದೆ ಕಾರ್ಡಿನ ಪಾಲು ಸಾಸಿವೆಯಷ್ಟೂ ಅಲ್ಲ. ಹಾಗಿದ್ದೂ ಬ್ಯಾಂಕುಗಳು ಇದರ ಬಗ್ಗೆ ಇಷ್ಟು ಮಾತನಾಡುವುದೇಕೆಂದರೆ, ಬ್ಯಾಂಕು ಮಾಡುವ ಕೆಲಸಗಳಲ್ಲಿ ಗ್ರಾಹಕ ಕೈಯಿಂದ ಮುಟ್ಟಿ ನೋಡಬಹುದಾದ ವಸ್ತು ಕಾರ್ಡೊಂದೇ. ಬ್ಯಾಂಕು ಯಾವ ಕಲ್ಲಿದ್ದಲು ಸ್ಥಾವರಕ್ಕೆ ಸಾಲ ಕೊಟ್ಟಿದೆ ಎಂಬುದನ್ನು ಗ್ರಾಹಕ ಜೇಬಿನಲ್ಲಿಟ್ಟುಕೊಂಡು ತಿರುಗುವುದಿಲ್ಲ.

ಈಗ ಎಲೆಯ ಚಿತ್ರಕ್ಕೆ ಬರೋಣ. ಹೊಸ ಪಿವಿಸಿಯ ಬದಲಿಗೆ ಬಂದಿರುವ ವಸ್ತುಗಳಲ್ಲಿ ಹೆಚ್ಚು ಚಲಾವಣೆಯಲ್ಲಿರುವುದು ಮರುಬಳಕೆಯ ಪಿವಿಸಿ. ಎಚ್‌ಎಸ್‌ಬಿಸಿ ತನ್ನ ಎಲ್ಲ ದೇಶಗಳ ಕಾರ್ಡುಗಳನ್ನು 2026ರೊಳಗೆ ಇದಕ್ಕೆ ಬದಲಿಸುವುದಾಗಿ 2021ರಲ್ಲಿ ಘೋಷಿಸಿತು. ಭಾರತದಲ್ಲಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ 2023ರಲ್ಲಿ ಇಂಥ ಡೆಬಿಟ್ ಕಾರ್ಡು ತಂದಿತು. ಮರುಬಳಕೆ ಎಂದೊಡನೆ ನಮ್ಮ ಹಳೆಯ ಕಾರ್ಡುಗಳೇ ಕರಗಿ ಹೊಸದಾಗಿ ಬಂದಿವೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಹಾಗಲ್ಲ. ಈ ಪಿವಿಸಿಯ ಬಹುಪಾಲು ಪ್ಯಾಕಿಂಗ್ ಮತ್ತು ಮುದ್ರಣ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಚೂರು. ಗ್ರಾಹಕರ ಕೈಗೆ ಎಂದೂ ಬಾರದ, ಶುದ್ಧವಾಗಿ ವಿಂಗಡಿಸಿಯೇ ಸಿಗುವ ತ್ಯಾಜ್ಯ. ಅದನ್ನು ಬಳಸುವುದು ತಪ್ಪೇನಲ್ಲ. ಹೊಸ ಪಿವಿಸಿ ತಯಾರಿಸುವ ಶಕ್ತಿಯೂ ತೈಲವೂ ಅಷ್ಟರ ಮಟ್ಟಿಗೆ ಉಳಿಯುತ್ತವೆ, ಕಾರ್ಖಾನೆ ತನ್ನ ಯಂತ್ರಗಳನ್ನು ಬದಲಿಸದೆಯೇ ಇದನ್ನು ಓಡಿಸಬಹುದು, ಕಾರ್ಡಿನ ಬಾಳಿಕೆಯೂ ಕುಂದುವುದಿಲ್ಲ. ಆದರೆ ಬಳಸಿ ಬಿಸಾಡಿದ ಮೇಲೆ ಅದು ಹಳೆಯ ಪಿವಿಸಿ ಕಾರ್ಡಿನಂಥದೇ ಇನ್ನೊಂದು ಕಾರ್ಡು. ಶೇಕಡ ಇಷ್ಟು ಮರುಬಳಕೆ ಎಂದು ಮುದ್ರಿಸಿರುವ ಅಂಕಿ ಕೂಡ ಸಾಮಾನ್ಯವಾಗಿ ಪ್ಲಾಸ್ಟಿಕ್ ಒಡಲಿನ ಲೆಕ್ಕವೇ ಹೊರತು ಚಿಪ್ ಮತ್ತು ಆಂಟೆನಾಗಳದ್ದಲ್ಲ.

ಸಮುದ್ರದ ಪ್ಲಾಸ್ಟಿಕ್ ಎಂಬ ಇನ್ನೊಂದು ಬಗೆಯಿದೆ. ಅಮೆರಿಕದ ಸಿಪಿಐ ಕಾರ್ಡ್ ಗ್ರೂಪ್ 2019ರಲ್ಲಿ ಇಂಥ ಕಾರ್ಡನ್ನು ಮಾರುಕಟ್ಟೆಗೆ ತಂದಿತು, ಅಮೆರಿಕನ್ ಎಕ್ಸ್‌ಪ್ರೆಸ್ ಕೂಡ ಆ ದಾರಿ ಹಿಡಿಯಿತು. ಇಲ್ಲಿ ಪದವನ್ನು ಎಚ್ಚರದಿಂದ ಓದಬೇಕು. ಹೀಗೆ ಕರೆಸಿಕೊಳ್ಳುವ ಪ್ಲಾಸ್ಟಿಕ್ಕಿನಲ್ಲಿ ಹೆಚ್ಚಿನದು ಸಮುದ್ರದೊಳಗಿಂದ ಬಲೆ ಹಾಕಿ ಎತ್ತಿದ್ದಲ್ಲ. ಕಸ ನಿರ್ವಹಣೆ ಸರಿಯಿಲ್ಲದ ಕರಾವಳಿಯಲ್ಲಿ, ದಡದಿಂದ 50 ಕಿಲೋಮೀಟರ್ ಒಳಗೆ, ಮುಂದೊಂದು ದಿನ ಕಡಲು ಸೇರಬಹುದಾಗಿದ್ದುದನ್ನು ಮೊದಲೇ ಆರಿಸಿದ್ದು.

ಮೆಕ್ಕೆಜೋಳದ ಸಕ್ಕರೆಯಿಂದ ಮಾಡುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಕೇಳಲು ಇನ್ನೂ ಆಕರ್ಷಕ. ಇದರಲ್ಲಿ ಕ್ಲೋರಿನ್ ಇಲ್ಲ, ತೈಲದ ಅವಲಂಬನೆ ಕಡಿಮೆ. ಆದರೆ ಈ ವಸ್ತು 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಲು ತೊಡಗುತ್ತದೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಮುಂಭಾಗದ ಹಲಗೆಯ ಮೇಲೆ ಇದನ್ನು ಮರೆತು ಹೋದವನಿಗೆ ಎಟಿಎಂನಲ್ಲಿ ತೊಂದರೆ ಕಾದಿದೆ ಎಂದೇ ಹೇಳಬೇಕು. ತಯಾರಕರು ಬೇರೆ ವಸ್ತುಗಳನ್ನು ಬೆರೆಸಿ ಈ ಕೊರತೆಯನ್ನು ತುಂಬಲು ಯತ್ನಿಸುತ್ತಾರೆ. ಮಣ್ಣಿನಲ್ಲಿ ಕರಗುತ್ತದೆ ಎಂಬ ಮಾತಿಗೂ ಒಂದು ಷರತ್ತಿದೆ. ಪಿಎಲ್‌ಎ ಕೊಳೆಯುವುದು 58-60 ಡಿಗ್ರಿ ಬಿಸಿಯನ್ನು ವಾರಗಟ್ಟಲೆ ಕಾಯ್ದುಕೊಳ್ಳುವ ಕೈಗಾರಿಕಾ ಗೊಬ್ಬರ ಘಟಕದಲ್ಲಿ, ನಮ್ಮ ಹಿತ್ತಲ ತಿಪ್ಪೆಯಲ್ಲಲ್ಲ. ಘಟಕವಿದ್ದರೂ ಅಲ್ಲಿಗೆ ಹಾಕುವ ಮುನ್ನ ಚಿಪ್ಪನ್ನೂ ತಂತಿಯನ್ನೂ ಕಿತ್ತಿರಬೇಕು.

ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗೆ ಬಂಧುವಾದ ಪಿಇಟಿಜಿ, ದೀರ್ಘಕಾಲ ಬಾಳುವ ಪಾಲಿಕಾರ್ಬೊನೇಟ್, ತೆಳುವಾಗಿ ಸೀಳಿದ ಮರ, ಎಲ್ಲವೂ ತಂತಮ್ಮ ಪ್ರಮಾಣದಲ್ಲಿ ಬಳಕೆಯಲ್ಲಿವೆ. ಲೋಹದ ಕಾರ್ಡನ್ನೂ ಕೆಲವರು ಹಸಿರು ಎಂದು ಮಾರುತ್ತಾರೆ, ಉಕ್ಕನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು ಎಂಬ ಆಧಾರದ ಮೇಲೆ. ಪ್ಲಾಸ್ಟಿಕ್ ಕಾರ್ಡಿನ ಎರಡು ಮೂರು ಪಟ್ಟು ತೂಗುವ, ರೇಡಿಯೋ ಅಲೆಗೆ ಅಡ್ಡ ಬರುವುದರಿಂದ ಫೆರೈಟ್ ಎಂಬ ಕಾಂತೀಯ ವಸ್ತುವಿನ ಪದರದಂಥ ಹೆಚ್ಚುವರಿ ಏರ್ಪಾಡು ಬೇಡುವ ಈ ವಸ್ತು ಮೇಜಿನ ಮೇಲೆ ಬಿದ್ದಾಗ ಠಣ್ಣೆನ್ನುವ ಸದ್ದಿಗಾಗಿ ಇದೆಯೇ ಹೊರತು ಪರಿಸರಕ್ಕಾಗಿ ಅಲ್ಲ.

ಇದೆಲ್ಲಕ್ಕೂ ಗಡುವಿನ ಬಲ ಬಂದದ್ದು ಪಾವತಿ ಜಾಲ ನಡೆಸುವ ಮಾಸ್ಟರ್‌ಕಾರ್ಡ್‌ನಿಂದ. ಅದು 2018ರಲ್ಲಿ ಜೆಮಾಲ್ಟೊ, ಗೀಸೆಕೆ ಪ್ಲಸ್ ಡೆವ್ರಿಯೆಂಟ್ ಮತ್ತು ಐಡೆಮಿಯಾ ಎಂಬ ದೊಡ್ಡ ತಯಾರಕರನ್ನು ಸೇರಿಸಿಕೊಂಡು ಪರ್ಯಾಯ ವಸ್ತುಗಳ ಹುಡುಕಾಟ ಆರಂಭಿಸಿತು. 2023ರ ಏಪ್ರಿಲ್‌ನಲ್ಲಿ, 2028ರ ಜನವರಿ 1ರಿಂದ ತನ್ನ ಜಾಲಕ್ಕಾಗಿ ಹೊಸದಾಗಿ ತಯಾರಾಗುವ ಪ್ಲಾಸ್ಟಿಕ್ ಕಾರ್ಡುಗಳೆಲ್ಲ ಮರುಬಳಕೆಯ ಅಥವಾ ಸಸ್ಯಮೂಲದ ವಸ್ತುಗಳಿಂದಲೇ ಆಗಿರಬೇಕು ಎಂದು ಪ್ರಕಟಿಸಿತು. ಇಂಥ ಜಾಲಗಳ ಮಾತು ಈ ಉದ್ಯಮದಲ್ಲಿ ಸರ್ಕಾರದ ಕಾನೂನಿಗಿಂತ ಬೇಗ ನಡೆಯುತ್ತದೆ, ಏಕೆಂದರೆ ಅವುಗಳ ಅನುಮೋದನೆ ಇಲ್ಲದ ಕಾರ್ಖಾನೆ ಅವುಗಳ ಲಾಂಛನವಿರುವ ಒಂದು ಕಾರ್ಡನ್ನೂ ಅಚ್ಚು ಹಾಕುವಂತಿಲ್ಲ.

ಈ ಕಾರ್ಖಾನೆಗಳ ಶಿಸ್ತು ನೋಟು ಮುದ್ರಿಸುವ ಜಾಗಕ್ಕೆ ಹತ್ತಿರದ್ದು. ಹಾಳೆಯೂ ಚಿಪ್ಪೂ ಎಣಿಕೆಗೆ ಒಳಪಟ್ಟಿರುತ್ತವೆ. ಒಳಗೆ ಹೋದದ್ದು, ಕಾರ್ಡಾಗಿ ಹೊರಬಂದದ್ದು, ಕೆಟ್ಟದ್ದು, ಮೂರೂ ತಾಳೆಯಾಗಬೇಕು. ಕೆಟ್ಟ ಕಾರ್ಡುಗಳನ್ನು ಕ್ಯಾಮೆರಾದ ಕಣ್ಣೆದುರು, ಒಬ್ಬರಿಗಿಂತ ಹೆಚ್ಚು ಜನರ ಸಮಕ್ಷಮದಲ್ಲಿ ಪುಡಿಗಟ್ಟಬೇಕು. ಹೀಗೆ ಪುಡಿಯಾದದ್ದರಲ್ಲಿ ಪ್ಲಾಸ್ಟಿಕ್ಕೂ ಲೋಹವೂ ಬೆರೆತು ಹೋಗಿರುತ್ತವೆ. ಕಾರ್ಡುಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಕಿಟಕಿ ಕಿಟಕಿಯಂಥ ಚೌಕಟ್ಟೂ ಸೇರಿದಂತೆ ಕಾರ್ಖಾನೆಯೊಳಗಿನ ತ್ಯಾಜ್ಯವನ್ನು ಕಡಿಮೆ ಮಾಡುವುದು ಹಸಿರು ಎಲೆಯ ಚಿತ್ರದಲ್ಲಿ ಕಾಣದ, ಆದರೆ ಲಾಭ ನಿಶ್ಚಿತವಾಗಿರುವ ಕೆಲಸ. ಒಂದು ಹಾಳೆಯಲ್ಲಿ ಕಾರ್ಡುಗಳನ್ನು ಇನ್ನಷ್ಟು ಒತ್ತೊತ್ತಾಗಿ ಜೋಡಿಸುವುದೂ ಇದರೊಳಗೆ ಬರುತ್ತದೆ.

ನಮ್ಮ ರಾಜ್ಯಕ್ಕೂ ಈ ಉದ್ಯಮಕ್ಕೂ ನಂಟಿದೆ. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ ಕರಾವಳಿಯಲ್ಲೇ, ಮಣಿಪಾಲದಲ್ಲಿ 1941ರಲ್ಲಿ ಆರಂಭವಾದ ಮುದ್ರಣಾಲಯವೊಂದು ಮುಂದೆ ಚೆಕ್ ಪುಸ್ತಕಗಳ ಮುದ್ರಣದಲ್ಲಿ ಹೆಸರು ಮಾಡಿ, ಇಂದು ಮಣಿಪಾಲ್ ಸಮೂಹದ ಕಾರ್ಡು ತಯಾರಿಕೆಯಾಗಿ ಬೆಳೆದಿದೆ. ಬೆಲೆಬಾಳುವ ಕಾಗದವನ್ನು ಎಣಿಸಿ ಮುದ್ರಿಸಿ ಎಣಿಸಿ ಕೊಡುವ ಕಸುಬು ಗೊತ್ತಿದ್ದವರಿಗೆ ಕಾರ್ಡು ಪೂರಾ ಹೊಸ ಕಸುಬಾಗಿರಲಿಲ್ಲ ಎನ್ನಬಹುದು. ಮುದ್ರಿಸಿದ ಮೇಲೆ ಗ್ರಾಹಕನ ಹೆಸರು, ಸಂಖ್ಯೆ, ಗುಪ್ತ ಕೀಲಿಗಳನ್ನು ಚಿಪ್ಪಿಗೆ ತುಂಬುವ ಹಂತ ಮಾತ್ರ ಬೇರೆಯೇ ವಿದ್ಯೆ.

ಇನ್ನು ಹೊಸ ಆವಿಷ್ಕಾರಗಳ ವಿಷಯ. ನನ್ನ ದೃಷ್ಟಿಯಲ್ಲಿ ಈ ಹದಿನೈದು ವರ್ಷಗಳಲ್ಲಿ ಬಂದ ಒಳ್ಳೆಯ ಬದಲಾವಣೆ ಪ್ಲಾಸ್ಟಿಕ್ಕಿನದಲ್ಲ, ಚಿಪ್ ಮತ್ತು ಆಂಟೆನಾಗಳ ನಡುವಿನ ಸಂಬಂಧದ್ದು. ಟ್ಯಾಪ್ ಮಾಡುವ ಕಾರ್ಡಿನಲ್ಲಿ ಬ್ಯಾಟರಿ ಇರುವುದಿಲ್ಲ. ಅಂಗಡಿಯ ಯಂತ್ರ ತನ್ನ ಸುತ್ತ 13.56 ಮೆಗಾಹರ್ಟ್ಸ್‌ನಲ್ಲಿ ಕಂಪಿಸುವ ಕಾಂತಕ್ಷೇತ್ರವನ್ನು ಹರಡಿಕೊಂಡಿರುತ್ತದೆ; ಕಾರ್ಡು ಅದರೊಳಗೆ ಬಂದೊಡನೆ ಆಂಟೆನಾದ ಸುರುಳಿಯಲ್ಲಿ ವಿದ್ಯುತ್ ಹರಿದು ಚಿಪ್ ಎಚ್ಚರಗೊಳ್ಳುತ್ತದೆ. ಮೊದಮೊದಲು ಈ ಸುರುಳಿಯ ಎರಡು ತುದಿಗಳನ್ನು ಚಿಪ್ ಮಾಡ್ಯೂಲಿಗೆ ಬೆಸುಗೆಯಿಂದಲೋ ವಿದ್ಯುತ್ ಹರಿಸುವ ಅಂಟಿನಿಂದಲೋ ಸೇರಿಸಬೇಕಾಗಿತ್ತು. ಕಾರ್ಡು ಬಾಗಿದಾಗಲೆಲ್ಲ ಆ ಎರಡು ಚುಕ್ಕೆಗಳ ಮೇಲೆ ಎಳೆತ. ಒಂದು ಬಿಟ್ಟುಕೊಂಡರೂ ಟ್ಯಾಪ್ ಕೆಲಸ ಮಾಡದೆ ಇಡೀ ಕಾರ್ಡನ್ನೇ ಬದಲಿಸಬೇಕಾಗುತ್ತಿತ್ತು. ಇನ್ಫಿನಿಯಾನ್ ಮುಂತಾದ ಚಿಪ್ ತಯಾರಕರು ತಂದ ಹೊಸ ಬಗೆಯಲ್ಲಿ ಮಾಡ್ಯೂಲಿನ ಬೆನ್ನಲ್ಲೇ ಪುಟ್ಟ ಸುರುಳಿಯೊಂದಿದ್ದು, ಅದು ಕಾರ್ಡಿನ ದೊಡ್ಡ ಸುರುಳಿಯೊಡನೆ ತಂತಿಯ ಸಂಪರ್ಕವಿಲ್ಲದೆ, ಟ್ರಾನ್ಸ್‌ಫಾರ್ಮರಿನ ಎರಡು ಸುತ್ತುಗಳು ಮಾತಾಡಿಕೊಳ್ಳುವಂತೆ ವ್ಯವಹರಿಸುತ್ತದೆ. ಮುರಿಯಲು ಅಲ್ಲಿ ಬೆಸುಗೆಯೇ ಇಲ್ಲ. ಕಾರ್ಡಿನ ಬಾಳಿಕೆ ಹೆಚ್ಚುವುದು ಒಂದು ಲಾಭ. ಚಿಪ್ಪಿಗೆ ಜಾಗ ತೋಡುವಾಗ ತಂತಿಯ ತುದಿಯನ್ನು ಹುಡುಕಿ ತೆರೆಯುವ ನಾಜೂಕು ತಪ್ಪುವುದರಿಂದ ಪಿವಿಸಿಯಲ್ಲದ ವಸ್ತುಗಳನ್ನು ಬಳಸುವುದೂ ಸುಲಭವಾಗುವುದು ಇನ್ನೊಂದು. ದೊಡ್ಡ ಸುರುಳಿಯನ್ನೂ ಬಿಟ್ಟು, ಆಂಟೆನಾ ಪೂರ್ತಿಯಾಗಿ ಮಾಡ್ಯೂಲಿನೊಳಗೇ ಇರುವ ವಿನ್ಯಾಸಗಳೂ ಬರತೊಡಗಿವೆ. ಅಂಥ ಕಾರ್ಡಿನಿಂದ ಚೌಕವನ್ನು ಕಿತ್ತರೆ ಉಳಿಯುವುದು ಬರೀ ಪ್ಲಾಸ್ಟಿಕ್. ಬಿಚ್ಚಲಾಗದ ಕಾರ್ಡಿನ ತೊಡಕನ್ನು ನೇರವಾಗಿ ಮುಟ್ಟುವ ಬೆಳವಣಿಗೆ ಇದು.

ಕಾಂತಪಟ್ಟಿಯೂ ಹೋಗಲಿದೆ. 2024ರಿಂದ ಯುರೋಪು ಮುಂತಾದೆಡೆ ಅದು ಕಡ್ಡಾಯವಲ್ಲವೆಂದೂ, 2033ರ ಹೊತ್ತಿಗೆ ತನ್ನ ಯಾವ ಕಾರ್ಡಿನಲ್ಲೂ ಇರುವುದಿಲ್ಲವೆಂದೂ ಮಾಸ್ಟರ್‌ಕಾರ್ಡ್ 2021ರಲ್ಲೇ ಹೇಳಿದೆ. ಅಂಕಿಗಳನ್ನು ಉಬ್ಬಿಸದೆ ಚಪ್ಪಟೆಯಾಗಿ ಮುದ್ರಿಸುವುದು ಈಗಾಗಲೇ ವಾಡಿಕೆಯಾಗಿದೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗುವ ಆವಿಷ್ಕಾರಗಳೂ ಇವೆ: ಬೆರಳಚ್ಚು ಓದುವ ಸಂವೇದಕ, ಟ್ಯಾಪ್ ಮಾಡಿದಾಗ ಮಿನುಗುವ ಪುಟ್ಟ ದೀಪ. ಇಂಥ ಪ್ರತಿಯೊಂದು ಸೇರ್ಪಡೆಯೂ 5 ಗ್ರಾಂನೊಳಗೆ ಇನ್ನಷ್ಟು ಲೋಹವನ್ನು ಬೆಸೆಯುತ್ತದೆ. ಒಂದೇ ಕಂಪನಿಯ ಮಳಿಗೆಯಲ್ಲಿ ಜೋಳದ ಕಾರ್ಡನ್ನೂ ದೀಪದ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ತೋರಿಸುವುದು ಅಪರೂಪವೇನಲ್ಲ.

ಲೆಕ್ಕವನ್ನು ಇನ್ನೂ ಹಿಗ್ಗಿಸಿದರೆ ಚಿತ್ರ ಬದಲಾಗುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಿನ ಸಂಶೋಧಕರು 2015ರ ಡೆಬಿಟ್ ಕಾರ್ಡು ವ್ಯವಹಾರಗಳನ್ನು ಕಾರ್ಡಿನ ಹುಟ್ಟಿನಿಂದ ಕಸದವರೆಗೆ ಅಳೆದು ನೋಡಿದಾಗ, ಒಂದು ಪಾವತಿಯ ಒಟ್ಟು ಪರಿಸರ ಹೊರೆಯಲ್ಲಿ ಶೇಕಡ 75 ಅಂಗಡಿಯ ಸ್ವೈಪ್ ಯಂತ್ರದ ಪಾಲಿಗೂ ಶೇಕಡ 15ರಷ್ಟು ಮಾತ್ರ ಕಾರ್ಡಿನ ಪಾಲಿಗೂ ಬಂತು. ಉಳಿದದ್ದರಲ್ಲಿ ಹೆಚ್ಚಿನದು ದತ್ತಾಂಶ ಕೇಂದ್ರಗಳದ್ದು. ಒಂದು ಪಾವತಿಗೆ ತಗಲುವ ಇಂಗಾಲದ ಹೊರೆ ನಾಲ್ಕು ಗ್ರಾಂಗೂ ಕಡಿಮೆ. ಯಂತ್ರ ತಯಾರಿಸಲು ಬೇಕಾದ ವಸ್ತು ಒಂದು ಕಡೆ, ಗಿರಾಕಿ ಇಲ್ಲದಾಗಲೂ ಅದು ದಿನವಿಡೀ ಎಚ್ಚರವಿದ್ದು ಕುಡಿಯುವ ವಿದ್ಯುತ್ ಇನ್ನೊಂದು ಕಡೆ. ಅಂದರೆ ಕಾರ್ಡಿನ ಪ್ಲಾಸ್ಟಿಕ್ ಬದಲಿಸುವುದಕ್ಕಿಂತ ಯಂತ್ರವನ್ನು ರಾತ್ರಿ ಆರಿಸಿಡುವುದೇ ಮೇಲು ಎಂದಾಗುತ್ತದೆ. ಇದು ಆ ದೇಶದ, ಆ ವರ್ಷದ ಲೆಕ್ಕ. ಅಲ್ಲಿ ಕಾರ್ಡು ದಿನನಿತ್ಯ ಉಜ್ಜಿಸಿಕೊಳ್ಳುತ್ತದೆ, ಆದ್ದರಿಂದ ಒಂದೊಂದು ಪಾವತಿಯ ಮೇಲೆ ಬೀಳುವ ಕಾರ್ಡಿನ ಪಾಲು ಕಿರಿದು. ನಮ್ಮಲ್ಲಿ 2014ರ ಆಗಸ್ಟ್‌ನಲ್ಲಿ ಆರಂಭವಾದ ಜನಧನ ಯೋಜನೆಯ ಖಾತೆಗಳಿಗೆ ರುಪೇ ಕಾರ್ಡುಗಳು ಕೋಟಿಗಟ್ಟಲೆ ಹಂಚಿಕೆಯಾದವು. 2016ರಲ್ಲಿ ಯುಪಿಐ ಬಂದ ಮೇಲೆ ಅಂಗಡಿಯಲ್ಲಿ ಡೆಬಿಟ್ ಕಾರ್ಡು ತೆಗೆಯುವವರು ವಿರಳರಾದರು. ಎಟಿಎಂಗೆಂದು ತಿಂಗಳಿಗೊಮ್ಮೆ ಹೊರಬರುವ, ಅಥವಾ ಬಂದ ಲಕೋಟೆಯಲ್ಲೇ ಉಳಿದ ಕಾರ್ಡಿನ ಐದು ಗ್ರಾಂ ಅನ್ನು ಎಷ್ಟು ಪಾವತಿಗಳಿಗೆ ಹಂಚುವುದು?

ಆದ್ದರಿಂದ ಪ್ರಶ್ನೆ ಯಾವ ಪ್ಲಾಸ್ಟಿಕ್ ಎಂಬುದಕ್ಕಿಂತ ಎಷ್ಟು ಸಲ ಎಂಬುದಕ್ಕೆ ಬಂದು ನಿಲ್ಲುತ್ತದೆ. ಕಾಂತಪಟ್ಟಿ ಮಾತ್ರವಿದ್ದ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಚಿಪ್ ಕಾರ್ಡುಗಳಿಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದಾಗ ಕೆಲಸ ಮಾಡುತ್ತಿದ್ದ ಕೋಟ್ಯಂತರ ಕಾರ್ಡುಗಳು ಒಮ್ಮೆಗೇ ಕಸವಾದವು. ನಕಲು ಕಾರ್ಡಿನ ವಂಚನೆ ತಡೆಯಲು ಅದು ಬೇಕಿತ್ತು, ತಕರಾರಿಲ್ಲ. ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದಾಗ ಹಳೆಯ ಹೆಸರಿನ ಕಾರ್ಡುಗಳು ಇಂದಲ್ಲ ನಾಳೆ ಹೋಗಲೇಬೇಕಾದವು. ಆದರೆ ಬಣ್ಣ ಬದಲಾಯಿತೆಂದು, ದರ್ಜೆ ಏರಿತೆಂದು ಕಳಿಸುವ ಕಾರ್ಡುಗಳಿಗೆ ಅಂಥ ಸಮರ್ಥನೆ ಸಿಗುವುದಿಲ್ಲ. ಕಾರ್ಡಿಗೆ ಅವಧಿ ಇರುವುದು ಅದು ಸವೆಯುತ್ತದೆಂದು ಮಾತ್ರವಲ್ಲ. ಚಿಪ್ಪಿನೊಳಗಿನ ಗೂಢಲಿಪಿಯ ಕೀಲಿಗಳಿಗೂ ಆಯಸ್ಸಿದೆ, ಗಣಕಗಳ ವೇಗ ಹೆಚ್ಚಿದಂತೆ ಹಳೆಯ ಕೀಲಿ ದುರ್ಬಲವಾಗುತ್ತದೆ. ಆ ಮಿತಿಯೊಳಗೇ ಅವಧಿಯನ್ನು ಐದರಿಂದ ಎಂಟು ವರ್ಷಕ್ಕೆ ಏರಿಸಿದರೆ ನಲವತ್ತು ವರ್ಷ ಖಾತೆ ನಡೆಸುವ ಒಬ್ಬರಿಗೆ ಎಂಟರ ಬದಲು ಐದು ಕಾರ್ಡು ಸಾಕು. ಯಾವ ಜೋಳದ ಪ್ಲಾಸ್ಟಿಕ್ಕೂ ಇಷ್ಟು ಉಳಿಸಲಾರದು. ಕಾರ್ಡು ಬೇಕೇ ಬೇಡವೇ ಎಂದು ಖಾತೆ ತೆರೆಯುವಾಗ ಕೇಳುವುದು ಇನ್ನೂ ಅಗ್ಗದ ಉಪಾಯ; ಅದರಲ್ಲಿ ಆವಿಷ್ಕಾರವೇನೂ ಇಲ್ಲದಿರುವುದರಿಂದಲೋ ಏನೋ ಯಾರೂ ಅದರ ಮೇಲೆ ಎಲೆಯ ಚಿತ್ರ ಅಂಟಿಸಿಲ್ಲ.

ಖಾನೆಯಲ್ಲಿದ್ದ ಕಾರ್ಡುಗಳಲ್ಲಿ ಮೂರನ್ನು ನಾನು ಕೊನೆಗೂ ಕತ್ತರಿಸಿದೆ. ಕತ್ತರಿ ಚಿಪ್ಪಿನ ಚೌಕದ ನಟ್ಟನಡುವೆ ಹಾಯುವಂತೆ, ಕಾಂತಪಟ್ಟಿ ಮೂರ್ನಾಲ್ಕು ತುಂಡಾಗುವಂತೆ ಕತ್ತರಿಸಬೇಕು. ಸಂಖ್ಯೆಯಿರುವ ತುಂಡುಗಳನ್ನು ಒಂದೇ ಕಡೆ ಹಾಕಬಾರದು. ತುಂಡುಗಳನ್ನು ಬೆಂಗಳೂರಿನ ನಮ್ಮ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಒಯ್ದು, ಇವನ್ನು ಯಾವ ರಾಶಿಗೆ ಹಾಕುತ್ತೀರಿ ಎಂದು ಕೇಳಿದೆ. ವಿಂಗಡಿಸುತ್ತಿದ್ದ ಹೆಂಗಸು ಒಂದು ತುಂಡನ್ನು ಬಾಗಿಸಿ, ಉಗುರಿನಿಂದ ಗೀರಿ ನೋಡಿ, 'ಇದಕ್ಕೆ ರೇಟಿಲ್ಲ ಸಾರ್' ಎಂದು ಹೇಳಿ ಮೂಲೆಯ ದೊಡ್ಡ ರಾಶಿಯ ಕಡೆ ಎಸೆದರು. ಬಿಸ್ಕತ್ತಿನ ಪೊಟ್ಟಣ, ಹರಿದ ಚಪ್ಪಲಿ, ಥರ್ಮೊಕೋಲ್ ಎಲ್ಲ ಸೇರಿದ್ದ, ಮಾರಲಾಗದ ವಸ್ತುಗಳ ರಾಶಿ ಅದು; ಸಿಮೆಂಟ್ ಕಾರ್ಖಾನೆಗೆ ಉರುವಲಾಗಿ ಹೋಗುತ್ತದಂತೆ. ಆದರೆ ಸಿಮೆಂಟಿನ ಗೂಡಿಗೂ ಕ್ಲೋರಿನ್ ಆಗಿಬರುವುದಿಲ್ಲ. ಅದು ಆವಿಯಾಗಿ ಮೇಲೇರಿ ತಣ್ಣಗಾಗುವ ಜಾಗದಲ್ಲಿ ಕ್ಷಾರಗಳೊಡನೆ ಸೇರಿ ಗಟ್ಟಿಯಾಗಿ, ಗೂಡಿನ ದಾರಿಯನ್ನು ಕಟ್ಟಿಬಿಡುತ್ತದೆ. ಅದಕ್ಕಾಗಿ ಉರುವಲಿಗೆ ಬರುವ ಕಸದಲ್ಲಿ ಪಿವಿಸಿ ಎಷ್ಟಿದೆ ಎಂದು ಕಾರ್ಖಾನೆಯವರು ನೋಡುತ್ತಾರೆ. ಎಲೆಯ ಚಿತ್ರವಿರುವ ಹೊಸ ಕಾರ್ಡಿನ ಅವಧಿ ಮುಗಿದಾಗ ಅದು ಸೇರುವುದೂ ಅದೇ ರಾಶಿಗೆ.